ಗಂಟಲು ಎಲ್ಲಿ ಕಟ್ಟುತ್ತದೆ? ಸ್ಲೀಪ್ ಅಪ್ನಿಯಾ ಆಪರೇಷನ್‌ನ ಹಿನ್ನೆಲೆ

ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳ ಆಸರೆ ಇದೆ. ಅದರ ಮೇಲಿನ ಗಂಟಲಿಗೆ ಅದಿಲ್ಲ. ಅಲ್ಲಿರುವುದು ಮಾಂಸದ ಗೋಡೆ. ಎಚ್ಚರವಿದ್ದಾಗ ಸ್ನಾಯುಗಳು ದಾರಿಯನ್ನು ತೆರೆದಿಡುತ್ತವೆ, ನಿದ್ದೆ ಹತ್ತಿದಾಗ ಸಡಿಲವಾಗುತ್ತವೆ. ದಾರಿ ಮೊದಲೇ ಕಿರಿದಾಗಿದ್ದರೆ ಗೋಡೆಗಳು ಕೂಡಿಕೊಂಡು ಹತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಉಸಿರು ನಿಲ್ಲುತ್ತದೆ. ಇದೇ ಸ್ಲೀಪ್ ಅಪ್ನಿಯಾ.

1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಇದನ್ನು ದಾಖಲಿಸಿದರು. 1969ರಲ್ಲಿ ಜರ್ಮನಿಯಿಂದ ಟ್ರೇಕಿಯಾಸ್ಟಮಿಯ ವರದಿ ಬಂತು: ಕುತ್ತಿಗೆಯಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಕೊಳವೆ. ಗಂಟಲು ಎಲ್ಲೇ ಕಟ್ಟಲಿ, ಗಾಳಿ ಅದರ ಕೆಳಗಿಂದ ಒಳಹೋಗುತ್ತದೆ. ಗುಣ ಕಾಣುತ್ತಿತ್ತು, ನಿಜ. ಆದರೆ ಕೊಳವೆಯನ್ನು ದಿನಾ ಶುಚಿ ಮಾಡುತ್ತಾ ಬದುಕುವುದು ಸುಲಭ ಅಲ್ಲವಲ್ಲ.

1981ರಲ್ಲಿ ಎರಡು ದಾರಿ ಕಂಡವು. ಜಪಾನಿನಲ್ಲಿ ಇಕೆಮಾತ್ಸು ಎಂಬ ವೈದ್ಯರು ಗೊರಕೆಗೆಂದು ಮಾಡುತ್ತಿದ್ದ ಆಪರೇಷನ್ನನ್ನು ಅಮೆರಿಕದ ಡೆಟ್ರಾಯಿಟ್‌ನ ವೈದ್ಯ ಫುಜಿತಾ ಅಪ್ನಿಯಾಕ್ಕೆ ಬಳಸಿದರು. ಟಾನ್ಸಿಲ್ ತೆಗೆದು, ಕಿರುನಾಲಿಗೆಯನ್ನೂ ಮೆದು ಅಂಗುಳದ ಅಂಚನ್ನೂ ಕತ್ತರಿಸಿ ಹೊಲಿಯುವ ಇದರ ಹೆಸರು ಯುಪಿಪಿಪಿ. ಅದೇ ವರ್ಷ ಸಿಡ್ನಿಯ ಕಾಲಿನ್ ಸಲ್ಲಿವನ್ ಮೂಗಿನಿಂದ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರದ ವಿಷಯ ಪ್ರಕಟಿಸಿದರು. ಇವತ್ತಿಗೂ ಸಾಮಾನ್ಯವಾಗಿ ಮೊದಲು ಕೊಡುವುದು ಸಿಪ್ಯಾಪೇ. ಅದು ಒಗ್ಗದವರು ಆಪರೇಷನ್ ಕಡೆ ಬರುತ್ತಾರೆ.

ಯುಪಿಪಿಪಿ ಬೇಗ ಹರಡಿತು. ಅಲ್ಲಿಯವರೆಗೆ ಪ್ರಕಟವಾಗಿದ್ದ ವರದಿಗಳನ್ನು 1996ರಲ್ಲಿ ಒಟ್ಟು ಮಾಡಿ ನೋಡಿದಾಗ, ತೊಂದರೆ ಸಾಕಷ್ಟು ಇಳಿದದ್ದು ಸುಮಾರು ಶೇ 41 ಜನರಲ್ಲಿ ಮಾತ್ರ. ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ದಾರಿ ಮುಚ್ಚುವವರಿಗೆ ಅಂಗುಳ ಕತ್ತರಿಸಿ ಏನು ಪ್ರಯೋಜನ? ಜಾಸ್ತಿ ಕತ್ತರಿಸಿದರೆ ಕುಡಿದ ನೀರು ಮೂಗಿಗೆ ಬರುತ್ತದೆ. ಗಾಯ ಮಾಯುವಾಗ ಕುಗ್ಗಿ, ಮೂಗಿನ ಹಿಂದಿನ ದಾರಿಯೇ ಕಿರಿದಾದದ್ದೂ ಉಂಟು. ತೆಗೆದ ಅಂಗುಳ ವಾಪಸ್ ಬರುವುದಿಲ್ಲ. ಎಲ್ಲಿ ಕಟ್ಟುತ್ತದೆಂದು ಸರಿಯಾಗಿ ನೋಡುವ ಮೊದಲೇ ಇಷ್ಟು ಜನರ ಗಂಟಲಿಗೆ ಕತ್ತರಿ ಬಿತ್ತು ಅನ್ನುವುದು ನನಗೆ ಸಂಕಟದ ವಿಷಯ.

ನೋಡುವ ಉಪಾಯ ಬಂದದ್ದು 1991ರಲ್ಲಿ, ಲಂಡನ್ನಿನಿಂದ. ಔಷಧಿ ಕೊಟ್ಟು ಮಲಗಿಸಿ, ಮೂಗಿನಿಂದ ತೆಳ್ಳನೆಯ ಎಂಡೋಸ್ಕೋಪ್ ಇಳಿಸಿದರೆ ಯಾವ ಗೋಡೆ ಯಾವ ಕಡೆಯಿಂದ ಮುಚ್ಚುತ್ತದೆ ಎಂದು ಕಾಣುತ್ತದೆ. ಆಪರೇಷನ್ನುಗಳೂ ಬದಲಾದವು. 2007ರ ಒಂದು ವಿಧಾನದಲ್ಲಿ ಟಾನ್ಸಿಲ್ ಹಿಂದಿನ ಸ್ನಾಯುವಿನ ಕೆಳತುದಿ ಬಿಡಿಸಿ, ಮೇಲಕ್ಕೆ, ಹೊರಕ್ಕೆ ತಿರುಗಿಸಿ ಹೊಲಿಯುತ್ತಾರೆ. ಪಕ್ಕದ ಗೋಡೆ ಬಿಗಿಯಾಗಿ ನಿಲ್ಲುತ್ತದೆ. ಎರಡೂ ದವಡೆಗಳನ್ನು ಸುಮಾರು 1 ಸೆಂ.ಮೀ. ಮುಂದಕ್ಕೆ ತರುವ ದೊಡ್ಡ ಆಪರೇಷನ್ನೂ ಇದೆ. ನಾಲಿಗೆಯ ನರವನ್ನು ಪ್ರಚೋದಿಸುವ ಸಾಧನಕ್ಕೆ 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಯಾವುದೇ ಮಾಡಿಸಿದರೂ ಕೆಲವು ತಿಂಗಳ ನಂತರ ನಿದ್ದೆಯ ಪರೀಕ್ಷೆ ಮತ್ತೆ ಬೇಕು. ಗೊರಕೆ ನಿಂತ ಮೇಲೂ ಸದ್ದಿಲ್ಲದೆ ಉಸಿರು ಕಟ್ಟುತ್ತಿರಬಹುದು.