ಗರಿಯ ಫೋಟೋ ಸಾಲದು

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾನೂ ಇದ್ದೇನೆ. ಭೀಮಸಮುದ್ರ ಮಾರುಕಟ್ಟೆಯ ಅಡಿಕೆ ಧಾರಣೆಯಿಂದ ಹಿಡಿದು ಸುಲಿಯುವ ಯಂತ್ರದ ಬಾಡಿಗೆಯವರೆಗೆ ಅಲ್ಲಿ ತಿಳಿಯುವಷ್ಟು ಬೇಗ ಬೇರೆಲ್ಲೂ ತಿಳಿಯುವುದಿಲ್ಲ. ನನ್ನ ತಕರಾರಿರುವುದು, ಹಳದಿಯಾದ ಗರಿಯೊಂದರ ಫೋಟೋ ಹಾಕಿ ‘ಏನು ಹೊಡೆಯಬೇಕು’ ಎಂದು ಕೇಳುವುದರ ಬಗ್ಗೆ; ಅದಕ್ಕೆ ಐದೇ ನಿಮಿಷದಲ್ಲಿ ಉತ್ತರ ಬಂದುಬಿಡುವುದರ ಬಗ್ಗೆ.

ಹಳದಿ ಎಂಬುದು ರೋಗದ ಹೆಸರಲ್ಲ, ಲಕ್ಷಣ. ಸಾರಜನಕ, ಪೊಟ್ಯಾಷ್ ಅಥವಾ ಮೆಗ್ನೀಸಿಯಂ ಕಡಿಮೆಯಾದಾಗ ಮರವು ಹಳೆಯ ಗರಿಯಲ್ಲಿರುವುದನ್ನು ಹೊಸ ಗರಿಗೆ ಸಾಗಿಸಿಕೊಳ್ಳುವುದರಿಂದ ಕೆಳಗಿನ ಗರಿಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣ ಹಾಗೆ ಸಾಗದ್ದರಿಂದ ಅದರ ಕೊರತೆಯಲ್ಲಿ ಎಳೆಯ ಗರಿಯೇ ಮೊದಲು ಬಿಳಿಚಿಕೊಳ್ಳುತ್ತದೆ. ಸುಣ್ಣದಂಶ ಹೆಚ್ಚಿರುವ ಎರೆಭೂಮಿಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದು. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೆ ಎಷ್ಟು ಗೊಬ್ಬರ ಕೊಟ್ಟರೂ ಮರ ಹಳದಿಯೇ. ಹೀಗಿರುವಾಗ ಯಾವ ಗರಿ, ಎಷ್ಟು ಮರ, ತೋಟದ ಯಾವ ಭಾಗ, ಯಾವ ಮಣ್ಣು, ಮೊದಲು ಅಲ್ಲಿ ಏನು ಬೆಳೆಯುತ್ತಿದ್ದರು ಎಂಬುದನ್ನು ತಿಳಿಯದೆ ಮದ್ದು ಹೇಳುವವರು, ನಾನೂ ಸೇರಿದಂತೆ, ಊಹಿಸುತ್ತಿರುತ್ತಾರೆ. ಉತ್ತರಿಸುವವರು ಸುಳ್ಳು ಹೇಳುವುದಿಲ್ಲ, ತಮ್ಮ ತೋಟದಲ್ಲಿ ಕೈಹಿಡಿದದ್ದನ್ನೇ ಹೇಳುತ್ತಾರೆ. ಆದರೆ ಅವರ ತೋಟ ಕೆಂಪು ಮಣ್ಣಿನ ಇಳಿಜಾರಿನಲ್ಲಿರುತ್ತದೆ, ಕೇಳಿದವರದು ನಾಲೆಯ ಕೆಳಗಿರುತ್ತದೆ.

ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆಯನ್ನು ತೋಟ ಮಾಡಿದ್ದ ರೈತರೊಬ್ಬರು, “ಗ್ರೂಪಿನಲ್ಲಿ ಹೇಳಿದ್ದೆಲ್ಲಾ ಮಾಡಿದೀನಿ ಸಾರ್, ಇನ್ನೇನು ಹೊಡೀಲಿ?” ಎಂದು ನನ್ನನ್ನು ಕರೆಸಿದ್ದರು. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಾಗಿತ್ತು, ಬೇರು ಚಿಗುರಲೆಂದು ಡ್ರಿಪ್‌ನಲ್ಲಿ ಹ್ಯೂಮಿಕ್ ಆ್ಯಸಿಡ್ ಬಿಟ್ಟಾಗಿತ್ತು, ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆಂದು ಇರುವ, ಮೈಲುತುತ್ತ–ಸುಣ್ಣದ ಶೇ 1ರ ಬೋರ್ಡೊ ದ್ರಾವಣವನ್ನೂ ಹೊಡೆದಾಗಿತ್ತು. ಮರದ ಬುಡದಿಂದ ತುಸು ದೂರದಲ್ಲಿ ಒಂದೂವರೆ ಅಡಿ ಅಗೆಸಿದೆ. ನಾವು ಎಳನೀರು ಕುಡಿದು ಬರುವಷ್ಟರಲ್ಲಿ ಗುಂಡಿಯಲ್ಲಿ ನೀರು ಜಿನುಗಿ ನಿಂತಿತ್ತು. ಬೇರಿನ ತುದಿಗಳು ಕಪ್ಪಗಾಗಿದ್ದವು. ಗುಂಡಿಯಲ್ಲಿ ನಿಂತದ್ದು ಪಕ್ಕದ ಭತ್ತದ ಗದ್ದೆಯ ಬಸಿನೀರು. ಸಾಲುಗಳ ನಡುವೆ ಬಸಿಗಾಲುವೆ ತೆಗೆಸಿದ ಮೇಲೆ ನಿಧಾನವಾಗಿ ಹೊಸ ಗರಿಗಳು ಹಸಿರಾಗಿ ಬಂದವು.

ಎಲ್ಲ ಹಳದಿಗೂ ಬಸಿಗಾಲುವೆಯೇ ಮದ್ದು ಎಂದು ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಬೇಡಿ. ಮೊದಲು ಗುಂಡಿ ತೆಗೆದು ನೋಡಿ, ಆಮೇಲೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೋ ಮಣ್ಣು ಒಯ್ದು ತೋರಿಸಿ.

ಆ ರೈತರು ಹಸಿರಾದ ತೋಟದ ಚಿತ್ರವನ್ನು ಸಂತೋಷದಿಂದ ಗುಂಪಿಗೆ ಹಾಕಿ, ಕಾಲುವೆ ತೆಗೆಸಿದ್ದನ್ನು ಉದ್ದಕ್ಕೆ ಬರೆದಿದ್ದರು. ಅದರ ಕೆಳಗೆ ಬಂದ ಮೊದಲ ಪ್ರಶ್ನೆ: “ಯಾವ ಔಷಧಿ ಹೊಡೆದ್ರಿ ಅಣ್ಣಾ?”