ಪಿಆರ್‌ಐ ಲೈನಿಗೆ ಹಳೆಯ ಕಾರ್ಡ್ ಕೊಳ್ಳುವ ಮುಂಚೆ

ಸಣ್ಣ ಆಸ್ಪತ್ರೆ, ಶಾಲೆ, ಸೊಸೈಟಿ ನಡೆಸುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ: "ಆಸ್ಟರಿಸ್ಕ್ ಪುಕ್ಕಟೆ ಸಿಗುತ್ತೆ, ಕಂಪ್ಯೂಟರೂ ಇದೆ. ಪಿಆರ್‌ಐ ಲೈನ್ ಸೇರಿಸೋ ಕಾರ್ಡ್ ಮಾತ್ರ ಯಾಕಿಷ್ಟು ದುಬಾರಿ?" ಆಸ್ಟರಿಸ್ಕ್ ಅಂದರೆ ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್; ಪಿಆರ್‌ಐ ಅಂದರೆ ಒಂದರಲ್ಲೇ ಹಲವು ಕರೆ ಸಾಗಿಸುವ ಡಿಜಿಟಲ್ ಫೋನ್ ಲೈನ್. ಹಳೆಯ ಕಾರ್ಡ್ ಕಡಿಮೆ ಬೆಲೆಗೆ ಖಂಡಿತ ಸಿಗುತ್ತದೆ. ಆದರೆ ಅದು ನಿಮ್ಮ ಮೆಷಿನ್ನಿಗೆ ಹೊಂದಬೇಕಲ್ವಾ?

ನಮ್ಮಲ್ಲಿ ಪಿಆರ್‌ಐ ಅಂದರೆ ಇ1 ಅನ್ನುವ ಬಗೆಯ ಲೈನ್. ಒಂದು ಲೈನಿನಲ್ಲಿ 32 ಟೈಮ್ ಸ್ಲಾಟ್, ಅಂದರೆ 32 ದಾರಿ, 0ಯಿಂದ 31ರವರೆಗೆ. 0 ನಂಬರಿನದು ತಾಳ ಹಿಡಿಯಲು, 16 ನಂಬರಿನದು ಸಿಗ್ನಲಿಂಗಿಗೆ (ಕರೆ ಬಂತು, ಮುಗಿಯಿತು ಅನ್ನುವ ಸಂಕೇತಕ್ಕೆ), ಉಳಿದ 30 ಮಾತಿಗೆ. ಅಮೆರಿಕದಲ್ಲಿ ಟಿ1, ಅಲ್ಲಿ ಒಂದು ಪಿಆರ್‌ಐನಲ್ಲಿ 23 ಕರೆ ಮಾತ್ರ. ಅಲ್ಲಿಂದ ಬಂದ ಹಳೆಯ ಕಾರ್ಡ್ ಆದರೆ, ಇ1ಗೆ ಬದಲಿಸುವ ಜಂಪರ್ ಅಥವಾ ಸೆಟ್ಟಿಂಗ್ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ.

ಆಮೇಲೆ ಕಂಪ್ಯೂಟರಿನ ಮುಚ್ಚಳ ತೆಗೆದು ಸ್ಲಾಟ್ ನೋಡಿ. ಡಿಜಿಯಮ್ ಅನ್ನುವ ಕಂಪನಿಯ ಟಿಇ405ಪಿ ಕಾರ್ಡ್ 5 ವೋಲ್ಟ್ ಪಿಸಿಐ ಸ್ಲಾಟಿನದ್ದು, ಟಿಇ410ಪಿ 3.3 ವೋಲ್ಟಿನದ್ದು. ನೋಡಲು ಅಣ್ಣ ತಮ್ಮಂದಿರ ಹಾಗಿದ್ದರೂ ಕೆಳಗಿನ ಕಚ್ಚು ಬೇರೆ. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಪಿಸಿಐ ಎಕ್ಸ್‌ಪ್ರೆಸ್ ಮಾತ್ರ ಇರುತ್ತದೆ, ಅಲ್ಲಿ ಇವೆರಡೂ ಕೂರುವುದಿಲ್ಲ. ಡ್ರೈವರನ್ನೂ ನೋಡಿಕೊಳ್ಳಿ. ಒಂದು ಕಾಲದಲ್ಲಿ ಎಲ್ಲೆಲ್ಲೂ ಇದ್ದ ಟಿಇ110ಪಿ ಕಾರ್ಡಿನ ಡ್ರೈವರನ್ನು ಡಾಹ್ಡಿ (ಇಂಥ ಕಾರ್ಡ್‌ಗಳನ್ನು ಆಸ್ಟರಿಸ್ಕಿಗೆ ಜೋಡಿಸುವ ಡ್ರೈವರ್‌ಗಳ ಕಟ್ಟು) 3.0ರಲ್ಲಿ ಕೈಬಿಟ್ಟರು. ಸುಮ್ನೆ ಅಗ್ಗ ಅಂತ ಅದನ್ನು ತಂದರೆ ಹಳೆಯ ಲಿನಕ್ಸಿಗೆ ಕಟ್ಟುಬಿದ್ದ ಹಾಗೆ.

ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಬರುವುದು ಪ್ರತಿಧ್ವನಿ ತಡೆಯುವ ಚಿಪ್‌ನಿಂದ. ಪಿಆರ್‌ಐ ಪೂರ್ತಿ ಡಿಜಿಟಲ್, ಅದರಲ್ಲಿ ಪ್ರತಿಧ್ವನಿ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ. ಅದು ಬರುವುದು ಆ ಕಡೆಯಿಂದ. ಅಲ್ಲಿ ಎರಡು ತಂತಿಯ ಹಳೆಯ ಫೋನ್ ಇದ್ದರೆ, ನಿಮ್ಮ ದನಿಯ ಸ್ವಲ್ಪ ಭಾಗ ಅಲ್ಲೇ ತಿರುಗಿ ವಾಪಸ್ ಬರುತ್ತದೆ. ಮಾಮೂಲಿ ಫೋನಿನಲ್ಲಿ ಅದು ಬೇಗ ಬರುವುದರಿಂದ ಗೊತ್ತಾಗುವುದಿಲ್ಲ. ಐಪಿ ಫೋನ್ ದನಿಯನ್ನು ಪ್ಯಾಕೆಟ್ ಮಾಡಿ ಕಳಿಸುವಾಗ ತಡವಾಗುತ್ತದೆ, ಆಗ ಕಿವಿಗೆ ಬೀಳುತ್ತದೆ. ನನ್ನ ಅನುಭವದಲ್ಲಿ, ಒಂದೇ ಪಿಆರ್‌ಐ ಇದ್ದು ಕಂಪ್ಯೂಟರ್ ಈಚಿನದಾದರೆ ಚಿಪ್ ಇಲ್ಲದ ಕಾರ್ಡ್ ಸಾಕು. ಓಸ್ಲೆಕ್ ಅನ್ನುವ ಉಚಿತ ಸಾಫ್ಟ್‌ವೇರ್ 30 ಕರೆಗಳನ್ನು ಆರಾಮಾಗಿ ನಿಭಾಯಿಸುತ್ತದೆ. ನಾಲ್ಕು ಪೋರ್ಟಿನ, ಅಂದರೆ ನಾಲ್ಕು ಲೈನ್ ಸೇರುವ ಕಾರ್ಡಾದರೆ ಮಾತ್ರ ಚಿಪ್ ಇರುವುದನ್ನೇ ತೆಗೆದುಕೊಳ್ಳಿ.

ಆಸ್ಟರಿಸ್ಕ್ ವರ್ಚುವಲ್ ಮೆಷಿನ್ನಿನಲ್ಲಿ ಓಡುತ್ತಿದ್ದರೆ ಕಾರ್ಡಿನ ಗೋಜಿಗೇ ಹೋಗಬೇಡಿ. ಒಂದು ಇ1 ಪೋರ್ಟಿನ ಗೇಟ್‌ವೇ ತನ್ನಿ, ಅಂದರೆ ಪಿಆರ್‌ಐ ಕರೆಗಳನ್ನು ನೆಟ್‌ವರ್ಕ್ ಮೂಲಕ ಆಸ್ಟರಿಸ್ಕಿಗೆ ತಲುಪಿಸುವ ಬೇರೆ ಪೆಟ್ಟಿಗೆ. ಬೆಲೆ ಕಾರ್ಡಿಗಿಂತ ಜಾಸ್ತಿಯಾಗಬಹುದು, ಆದರೆ ಡ್ರೈವರ್ ತಾಪತ್ರಯ ಇಲ್ಲ. ಇನ್ನು ನಿಮ್ಮ ಫೋನ್ ಕಂಪನಿಯವರು ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಥರದ ನೆಟ್‌ವರ್ಕ್ ಮೇಲೆಯೇ ಬರುವ ಫೋನ್ ಲೈನ್) ಕೊಡುತ್ತಾರೆ ಅಂದರೆ ಕಾರ್ಡೂ ಬೇಡ, ಗೇಟ್‌ವೇಯೂ ಬೇಡ. ಇದನ್ನು ಎಲ್ಲಕ್ಕಿಂತ ಮೊದಲು ವಿಚಾರಿಸಿ.

ಕಾರ್ಡ್ ಹಾಕಿದ ಮೇಲೂ ದೀಪ ಕೆಂಪಾಗಿಯೇ ಇದ್ದರೆ, ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಇ1 ಕೇಬಲ್ಲಿನಲ್ಲಿ 1, 2 ಮತ್ತು 4, 5ನೇ ಪಿನ್‌ಗಳಷ್ಟೇ ಕೆಲಸ ಮಾಡುವುದು. ಈ ಎರಡು ಜೋಡಿಗಳನ್ನು ಅದಲು ಬದಲು ಮಾಡಿ ನೋಡಿ. ಸಿಆರ್‌ಸಿ4 (ಲೈನಿನಲ್ಲಿ ತಪ್ಪು ಪತ್ತೆ ಮಾಡುವ ಒಂದು ಸೆಟ್ಟಿಂಗ್) ಇದೆಯೋ ಇಲ್ಲವೋ ಅಂತ ಲೈನ್ ಕೊಟ್ಟವರನ್ನು ಕೇಳಿ, ಅದೇ ಥರ ಹೊಂದಿಸಿ. ದೀಪ ಹಸಿರಾದ ಮೇಲೂ ಮಾತಿನ ನಡುವೆ ಟಿಕ್ ಟಿಕ್ ಅಂತ ಸದ್ದು ಬಂದರೆ, ಗಡಿಯಾರವನ್ನು ಲೈನಿನಿಂದಲೇ ತೆಗೆದುಕೊಳ್ಳುವಂತೆ ಡಾಹ್ಡಿಯ ಸೆಟ್ಟಿಂಗ್ ಫೈಲಿನಲ್ಲಿ ಆ ಲೈನಿನ ಸ್ಪ್ಯಾನ್ (span) ಸಾಲಿನ ಎರಡನೇ ಅಂಕಿಯನ್ನು 1 ಮಾಡಿ.