ಗುಳ್ಳೆಗೆ ತಕ್ಕ ಗೋಡೆ

ಬ್ರೆಡ್‌ಗೆಂದು ತಂದಿಟ್ಟಿದ್ದ ಹಿಟ್ಟಿನಲ್ಲಿ ಒಮ್ಮೆ ಕೇಕ್ ಮಾಡಿದ್ದೆ. ಉಬ್ಬಿತೇನೋ ಉಬ್ಬಿತು, ಬಾಯಿಗಿಟ್ಟರೆ ರಬ್ಬರು. ಅಳತೆ, ಬಿಸಿ, ಹೊತ್ತು ಎಲ್ಲವೂ ಸರಿಯಾಗಿಯೇ ಇದ್ದವು. ಕೆಟ್ಟಿದ್ದು ಹಿಟ್ಟು ಮತ್ತು ಅದನ್ನು ಉಬ್ಬಿಸುವ ಪುಡಿಯ ಜೋಡಿ.

ಅನಿಲ ಹುಟ್ಟಿಸುವುದು ಒಂದು ಕೆಲಸ, ಅದನ್ನು ಹಿಡಿದಿಡುವುದು ಇನ್ನೊಂದು. ಹಿಡಿದಿಡುವ ಗೋಡೆಯ ಹೆಸರು ಗ್ಲುಟೆನ್. ಗೋಧಿಯ ಗ್ಲುಟೆನಿನ್ ಮತ್ತು ಗ್ಲಯಡಿನ್ ಎಂಬ ಪ್ರೋಟೀನುಗಳು ನೀರು ಕುಡಿದು, ನಾದಿದಷ್ಟೂ ಹೆಣೆದುಕೊಂಡು ಬಲೆಯಾಗುತ್ತವೆ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಸಾವಕಾಶದ ಜೀವಿ. ಸಕ್ಕರೆಯನ್ನು ತಿನ್ನುತ್ತಾ ಗಂಟೆಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅಷ್ಟು ಹೊತ್ತು ಅನಿಲ ಸೋರದಿರಬೇಕಾದರೆ ಬಲೆ ಗಟ್ಟಿಯಿರಬೇಕು. ಆದ್ದರಿಂದ ಬ್ರೆಡ್ ಹಿಟ್ಟಿನಲ್ಲಿ ಸುಮಾರು ಶೇ. 12ರಿಂದ 14ರಷ್ಟು ಪ್ರೋಟೀನ್ ಇರುತ್ತದೆ. ಕೇಕಿನ ಹಿಟ್ಟಿಗೆ ಶೇ. 7ರಿಂದ 9 ಸಾಕು. ಅಲ್ಲಿ ಅನಿಲ ನಿಮಿಷಗಳಲ್ಲಿ ಬಂದು ಹೋಗುತ್ತದೆ, ಅಷ್ಟರಲ್ಲಿ ಪಿಷ್ಟ ಮತ್ತು ಮೊಟ್ಟೆ ಗಟ್ಟಿಯಾಗಿ ಆಕಾರ ಹಿಡಿಯುತ್ತವೆ.

ಪೊಟ್ಟಣದ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ನೋಡಿದರೆ ಇದು ತಿಳಿಯುತ್ತದೆ. ಆದರೆ ಇಡೀ ಗೋಧಿಯ ಹಿಟ್ಟಿನ ವಿಷಯದಲ್ಲಿ ಆ ಅಂಕಿಯನ್ನು ನಂಬಿ ಕೂರಬೇಡಿ. ಪ್ರೋಟೀನ್ ಧಾರಾಳವಾಗಿದ್ದರೂ ತೌಡಿನ ಚೂರುಗಳು ಬಲೆಯನ್ನು ಅಲ್ಲಲ್ಲಿ ಹರಿದುಹಾಕುತ್ತವೆ.

ಅಡುಗೆ ಸೋಡಾಕ್ಕೆ ಹುಳಿಯ ಸಂಗಾತ ಬೇಕು. ಮೊಸರೋ ನಿಂಬೆರಸವೋ ಇಲ್ಲದಿದ್ದರೆ ಅದು ಓವನ್ನಿನ ಕಾವಿಗೆ ಒಡೆದು ಸೋಡಿಯಂ ಕಾರ್ಬೊನೇಟ್, ಅಂದರೆ ಸಾಕ್ಷಾತ್ ಬಟ್ಟೆ ಒಗೆಯುವ ಸೋಡಾ ಆಗಿ ಉಳಿಯುತ್ತದೆ. ಸಾಬೂನಿನ ರುಚಿ ಬರುವುದು ಅದರಿಂದಲೇ. ಬೇಕಿಂಗ್ ಪೌಡರಿನಲ್ಲಿ ಹುಳಿಯೂ ಪುಡಿಯಾಗಿ ಜೊತೆಗೇ ಇರುತ್ತದೆ. ಇವೆರಡೂ ಡಬ್ಬಿಯೊಳಗೇ ಕೂಡಿಕೊಳ್ಳದಂತೆ ಕಾಯಲು ಪಿಷ್ಟ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಇಂಥದೊಂದು ಪುಡಿಯನ್ನು ಬೆರೆಸಿದ್ದು ಯೀಸ್ಟ್ ಒಗ್ಗದ ಹೆಂಡತಿಗಾಗಿ. ಇಂದಿನ ಪುಡಿಗಳಲ್ಲಿ ಹೆಚ್ಚಿನವು ಎರಡು ಕಂತಿನಲ್ಲಿ ಕೆಲಸ ಮಾಡುತ್ತವೆ: ಒದ್ದೆಯಾದಾಗ ಒಮ್ಮೆ, ಬಿಸಿಯಾದಾಗ ಮತ್ತೊಮ್ಮೆ.

ಇಷ್ಟಾದರೂ ಕೇಕಿನಲ್ಲಿ ಈ ಪುಡಿಗಳಿಗೆ ಹೊಸ ಗುಳ್ಳೆಯನ್ನು ಹುಟ್ಟಿಸುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬೆಣ್ಣೆ-ಸಕ್ಕರೆಯನ್ನು ತಿಕ್ಕುವಾಗ, ಮೊಟ್ಟೆ ಕಡೆಯುವಾಗ ಒಳಸೇರಿದ ಗಾಳಿಯ ಪುಟ್ಟ ಗುಳ್ಳೆಗಳಿವೆಯಲ್ಲ, ಪುಡಿಯ ಅನಿಲ ಅವುಗಳೊಳಕ್ಕೇ ನುಗ್ಗಿ ಅವನ್ನು ಹಿಗ್ಗಿಸುತ್ತದೆ. ಕೈ ಸೋಮಾರಿಯಾದರೆ ಗುಳ್ಳೆಗಳು ಕೆಲವೇ. ಪುಡಿ ಹೆಚ್ಚು ಸುರಿದರೆ ಅವು ದೊಡ್ಡದಾಗಿ, ಮೇಲೆ ತೇಲಿ, ಒಡೆದು ಕೇಕಿನ ನಡು ಕುಸಿಯುತ್ತದೆ. ಆದರೆ ಹಿಟ್ಟು ಬಿದ್ದ ಮೇಲೆ ಕೈಗೆ ಸೋಮಾರಿತನವೇ ಲೇಸು. ಅಲ್ಲಿಂದ ಮುಂದೆ ಕಡೆದಷ್ಟೂ ಬಲೆ ಬಿಗಿಯುತ್ತದೆ.

ಬೇಕಿಂಗ್ ಪೌಡರಿನ ಡಬ್ಬಿ ಹಳೆಯದಾಗಿದ್ದರೆ ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ. ಬುಸ್ಸೆಂದು ನೊರೆಯೇಳದಿದ್ದರೆ ಮೊಟ್ಟೆ ಒಡೆಯುವ ಮೊದಲೇ ಹೊಸ ಡಬ್ಬಿ ತನ್ನಿ.